ಅಚಲಕ್ಷೇತ್ರ ಮೀಮಾಂಸೆ: ಮಾಕುಟ್ಟದ ಗೇಟಿಗೆ ಅನ್ವಯಿಸಿ ರಚಿಸಿದ ಲಘುಭಾಷ್ಯ

ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸದೆ ಆರಂಭವಾದ ಶಾಸ್ತ್ರವು ವಿದ್ವಜ್ಜನರ ಆದರಕ್ಕೆ ಪಾತ್ರವಾಗಲಾರದೆಂಬುದು ಪೂರ್ವಾಚಾರ್ಯರ ಮತವಾಗಿರುವುದರಿಂದ, ಆ ಋಣವನ್ನು ಮೊದಲು ತೀರಿಸಿಬಿಡುವುದು ಲೇಸು. ವಸ್ತುಕೇಂದ್ರಿತ ಕ್ರಮವಿಧಿಯಲ್ಲಿ, ಎಂದರೆ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗಿನಲ್ಲಿ, ಒಮ್ಮೆ ಬೆಲೆಯನ್ನು ಪಡೆದ ಬಳಿಕ ಎಂದೆಂದಿಗೂ ಬದಲಾಗದೆ ಕೂಟಸ್ಥವಾಗಿ ನಿಲ್ಲತಕ್ಕ ಕ್ಷೇತ್ರಕ್ಕೆ, ಆ ಮೊದಲ ಬೆಲೆಯನ್ನು 'ಹೀಗಿದ್ದರೆ ಇದು, ಇಲ್ಲವಾದರೆ ಅದು' ಎಂಬ ನಿಬಂಧನೆಗೊಳಪಡಿಸಿ ಕೊಡುವ ಬಗೆ ಹೇಗೆಂಬುದೇ ಈ ಶಾಸ್ತ್ರದ ವಿಷಯ. ಪ್ರಯೋಜನವು ಕಂಪೈಲರಿನ ಪ್ರಸಾದಲಾಭ. ಅಧಿಕಾರಿಯಾದರೋ, ಐದು ಸಾಲಿನ ಇಫ್-ಎಲ್ಸ್ ಬರೆದ ಅಪರಾಧಕ್ಕಾಗಿ ಕೋಡ್ ರಿವ್ಯೂ ಎಂಬ ವಿದ್ವತ್ಸಭೆಯಲ್ಲಿ, ವಯಸ್ಸಿನಲ್ಲಿ ತನಗಿಂತ ಕಿರಿಯರೂ ಸಂಬಳದಲ್ಲಿ ಹಿರಿಯರೂ ಆದ ಆರ್ಕಿಟೆಕ್ಟ್ ಮಹಾಶಯರಿಂದ ಉಪದೇಶವನ್ನು ಪಡೆದು, ಅದು ಮುಗಿಯುವ ತನಕ ಮೈಕನ್ನು ಮ್ಯೂಟ್ ಮಾಡಿಕೊಂಡು ಶಮದಮಾದಿಗಳನ್ನು ಅಭ್ಯಾಸ ಮಾಡಿದ ಪುಣ್ಯವಂತನು. ಸಂಬಂಧವೆಂಬ ನಾಲ್ಕನೆಯ ಅಂಗವು ಇವುಗಳ ನಡುವೆ ಏನಿರಬಹುದೆಂದು ಆ ಸಭೆಯಲ್ಲಿ ಯಾರೂ ಕೇಳಿದುದನ್ನು ನಾವು ಕಾಣೆವು. ಆದಕಾರಣ ಅದನ್ನು ಗ್ರಂಥದ ಕೊನೆಯವರೆಗೆ ತಡೆಹಿಡಿಯಲಾಗಿದೆ.

ದೃಷ್ಟಾಂತವಿಲ್ಲದೆ ಶಾಸ್ತ್ರವು ನಡೆಯದು. ನೈಯಾಯಿಕರಿಗೆ ಘಟಪಟಗಳಿದ್ದಂತೆ ನಮಗೆ ಕೊಡಗಿನ ಗಡಿಯ ಮಾಕುಟ್ಟದ ಗೇಟು ಇದೆ. ವಿರಾಜಪೇಟೆಯನ್ನು ಬಿಟ್ಟು ಪೆರುಂಬಾಡಿಯನ್ನು ಕಳೆದು, ಬ್ರಹ್ಮಗಿರಿ ವನ್ಯಜೀವಿಧಾಮದ ಕಾಡಿನೊಳಗೆ ತಿರುವು ತಿರುವಾಗಿ ಇಳಿಯುವ ಘಾಟಿಯ ಬುಡದಲ್ಲಿ, ಕೂಟುಪುಳೆಯ ಸೇತುವೆಗೂ ಅದರಾಚೆಯ ಇರಿಟ್ಟಿ, ಕಣ್ಣೂರುಗಳಿಗೂ ಈಚೆ ಈ ಊರಿರುವುದು. ಇಲ್ಲಿಗೆ ಬಂದು ನಿಂತ ವಾಹನವು ಪೊಲೀಸರಿಗೂ ಅರಣ್ಯದವರಿಗೂ ಅಬಕಾರಿಯವರಿಗೂ ತಾನು ಯಾರು, ಎಲ್ಲಿಂದ ಬಂದೆ, ಒಳಗೆ ಏನಿದೆ ಎಂಬುದನ್ನು ನಿವೇದಿಸಿದ ಹೊರತು ಅಡ್ಡಗಂಬವು ಮೇಲೇಳದು. ಎದ್ದು ಗಾಡಿ ಮುಂದೆ ಹೋದ ಮೇಲೆ ಬರೆದುದನ್ನು ತಿದ್ದುವವರೂ ಇಲ್ಲ. ಲೋಕರೂಢಿಯಲ್ಲಿ ಕನ್‌ಸ್ಟ್ರಕ್ಟರ್ ಎನಿಸಿಕೊಂಡ ಸ್ಥಳದ ಲಕ್ಷಣವನ್ನು ಇದಕ್ಕಿಂತ ನಿಷ್ಕೃಷ್ಟವಾಗಿ ನಿರೂಪಿಸಿದ ಪಠ್ಯಪುಸ್ತಕವನ್ನು ನಾವು ನೋಡಿದುದಿಲ್ಲ. ಅಡ್ಡಗಂಬ ಏಳುವುದರೊಳಗೆ ಅಚಲಕ್ಷೇತ್ರಗಳೆಲ್ಲವೂ ತುಂಬಿರಬೇಕು. ಎದ್ದ ಬಳಿಕ ಅವುಗಳನ್ನು ಯಾರೂ ಮುಟ್ಟಕೂಡದು.

ಈಗ ಲಕ್ಷಣವಾಕ್ಯ. ಯಾವುದು ಒಮ್ಮೆ, ಒಮ್ಮೆಯೇ, ಒಮ್ಮೆಯಾದರೂ ಬೆಲೆಯನ್ನು ಪಡೆಯುವುದೋ ಅದು ಅಚಲಕ್ಷೇತ್ರ. ಜಾವಾ ಜನರು ಇದನ್ನು ಫೈನಲ್ ಎಂದೂ, ಸಿ ಪ್ಲಸ್ ಪ್ಲಸ್ ಜನರು ಕಾನ್ಸ್ಟ್ ಎಂದೂ, ಸಿ ಶಾರ್ಪ್ ಜನರು ರೀಡ್‌ಓನ್ಲಿ ಎಂದೂ, ಕೋಟ್ಲಿನ್ ಜನರು ವ್ಯಾಲ್ ಎಂದೂ, ಸ್ವಿಫ್ಟ್ ಜನರು ಲೆಟ್ ಎಂದೂ ಕರೆಯುತ್ತಾರೆ. ಜಾವಾದಲ್ಲಿ 1997ರ 1.1ನೆಯ ಆವೃತ್ತಿಯಿಂದೀಚೆಗೆ ಇಂಥ ಕ್ಷೇತ್ರವನ್ನು ಘೋಷಿಸುವಾಗ ಬರಿದಾಗಿ ಬಿಟ್ಟು, ಕನ್‌ಸ್ಟ್ರಕ್ಟರಿನೊಳಗೆ ತುಂಬಲು ಅವಕಾಶವಾಯಿತು. ಬರಿದಾಗಿ ಬಿಡಬಹುದು ಎಂದೊಡನೆ ಎರಡು ಶಾಪಗಳು ಹುಟ್ಟಿಕೊಂಡವು. ಇಫ್ ಮಾತ್ರ ಬರೆದು ಎಲ್ಸನ್ನು ಮರೆತವನಿಗೆ ಕಂಪೈಲರು 'ಇದಕ್ಕೆ ಬೆಲೆ ದೊರೆಯದೆಯೂ ಹೋಗಬಹುದು' ಎನ್ನುತ್ತದೆ. ಮೊದಲು ಒಂದು ಬೆಲೆಯನ್ನು ಕೊಟ್ಟಿಟ್ಟು ಆಮೇಲೆ ಇಫ್‌ನಲ್ಲಿ ಬೇರೊಂದನ್ನು ಕೊಡಹೋದವನಿಗೆ 'ಇದಕ್ಕೆ ಈಗಾಗಲೇ ಬೆಲೆ ದೊರೆತಿರಬಹುದು' ಎನ್ನುತ್ತದೆ. ಈ ಎರಡು 'ಬಹುದು'ಗಳ ನಡುವಣ ಇಕ್ಕಟ್ಟಾದ ದಾರಿಯನ್ನು ಅಳೆಯುವುದಕ್ಕಾಗಿಯೇ ಜಾವಾ ಭಾಷಾನಿರ್ದೇಶಗ್ರಂಥದ 16ನೆಯ ಅಧ್ಯಾಯವಿಡೀ ಮೀಸಲಾಗಿರುವುದು. ನಿಯತಪ್ರಾಪ್ತಿ (ಡೆಫಿನಿಟ್ ಅಸೈನ್‌ಮೆಂಟ್) ಎಂಬ ಆ ಅಧ್ಯಾಯವನ್ನು ಆಮೂಲಾಗ್ರವಾಗಿ ಓದಿದೆವೆಂದು ಹೇಳುವವರು ನಮ್ಮ ಸಭೆಯಲ್ಲಿ ಬಹುಮಂದಿ ಇದ್ದರು; ನಿಜವಾಗಿ ಓದಿದವನೊಬ್ಬನಿದ್ದನು, ಅವನು ಮಾತನಾಡುತ್ತಿರಲಿಲ್ಲ.

ಈ ದಾರಿಯನ್ನು ದಾಟುವ ಪಂಥಗಳು ಎಂಟು.

ಮೊದಲನೆಯವರು ಋಜುಮಾರ್ಗಿಗಳು. ಇವರು ಇಫ್ ಎಂದು ಬರೆದು ಒಂದು ಬೆಲೆಯನ್ನೂ, ಎಲ್ಸ್ ಎಂದು ಬರೆದು ಇನ್ನೊಂದು ಬೆಲೆಯನ್ನೂ ಕೊಟ್ಟು ಮನೆಗೆ ಹೋಗುವರು. ಎರಡು ಕವಲುಗಳಲ್ಲಿಯೂ ಕ್ಷೇತ್ರವು ಒಂದೊಂದೇ ಬಾರಿ ತುಂಬುವುದರಿಂದ ಕಂಪೈಲರಿಗೆ ತಕರಾರಿಲ್ಲ. ಈ ಪಂಥದ ಮಹಾದೋಷವೆಂದರೆ ಇದು ಓದಿದವರಿಗೆಲ್ಲ ಅರ್ಥವಾಗಿಬಿಡುತ್ತದೆ, ಆದಕಾರಣ ಇದರಿಂದ ಯಾರಿಗೂ ಬಡ್ತಿಯಾದುದಿಲ್ಲ.

ಎರಡನೆಯವರು ಪ್ರಶ್ನಚಿಹ್ನವಾದಿಗಳು. ಒಂದು ಪ್ರಶ್ನಚಿಹ್ನೆ, ಒಂದು ವಿವರಣಚಿಹ್ನೆ, ಅವುಗಳ ನಡುವೆ ಸಮಸ್ತ ವಿವೇಚನೆ: ಹೀಗೆ ಒಂದೇ ಸಾಲಿನಲ್ಲಿ ವಿಷಯವನ್ನು ಮುಗಿಸುವ ಇವರ ಮೂಲಪೀಠವು ಸಿ ಪ್ಲಸ್ ಪ್ಲಸ್. ಅಲ್ಲಿ ಕಾನ್ಸ್ಟ್ ಕ್ಷೇತ್ರವನ್ನು ಕನ್‌ಸ್ಟ್ರಕ್ಟರಿನ ಒಡಲೊಳಗೆ ತುಂಬುವಂತಿಲ್ಲ, ಘೋಷಣೆಯಲ್ಲಿ ಇಲ್ಲವಾದರೆ ಒಡಲಿಗೆ ಮುಂಚಿನ ಪ್ರಾರಂಭಪಟ್ಟಿಯಲ್ಲಿಯೇ ತುಂಬತಕ್ಕದ್ದು. ಆ ಪಟ್ಟಿಯಲ್ಲಿ ಇಫ್ ಎಂಬ ವಾಕ್ಯಕ್ಕೆ ಪ್ರವೇಶವಿಲ್ಲ. ಅನಿವಾರ್ಯದಿಂದ ಹುಟ್ಟಿದ ಈ ಆಪದ್ಧರ್ಮವನ್ನು, ಅಂಥ ಯಾವ ಆಪತ್ತೂ ಇಲ್ಲದ ಭಾಷೆಗಳಿಗೂ ಕೊಂಡೊಯ್ದು, ಒಂದು ಪ್ರಶ್ನಚಿಹ್ನೆಯ ಹೊಟ್ಟೆಯಲ್ಲಿ ಇನ್ನೊಂದನ್ನೂ ಅದರ ಹೊಟ್ಟೆಯಲ್ಲಿ ಮತ್ತೊಂದನ್ನೂ ಇಟ್ಟು, ಅದನ್ನು ಸೌಂದರ್ಯವೆಂದು ಸಾರಿದುದು ಇವರ ಕೀರ್ತಿ. 2011ರ ಪರಿಷ್ಕರಣದಲ್ಲಿ ಸಿ ಪ್ಲಸ್ ಪ್ಲಸಿಗೆ ಲ್ಯಾಂಬ್ಡಾ ಎಂಬ ಅನಾಮಿಕ ಕಾರ್ಯವು ದೊರೆತ ಮೇಲೆ, ಅದನ್ನು ಆ ಪಟ್ಟಿಯೊಳಗೇ ಹುಟ್ಟಿಸಿ, ಹುಟ್ಟಿದ ಕ್ಷಣವೇ ಕರೆದು, ಕರೆದ ಕ್ಷಣವೇ ಮರೆತುಬಿಡುವ ಒಂದು ಉಪಶಾಖೆಯೂ ಏರ್ಪಟ್ಟಿತು.

ಮೂರನೆಯವರಾದ ಕಾರ್ಖಾನೆವಾದಿಗಳು ಹೇಳುವುದು, ಗೇಟಿನೊಳಗೆ ವಿಚಾರಣೆಯೇ ಬೇಡ, ವಿಚಾರಣೆಯನ್ನು ಪೆರುಂಬಾಡಿಯಲ್ಲಿಯೇ ಮುಗಿಸಿ, ಸಿದ್ಧವಾದ ಬೆಲೆಯನ್ನು ಮಾತ್ರ ಗೇಟಿಗೆ ಕಳುಹಿಸೋಣ ಎಂದು. ಪರಿಹಾಸವನ್ನು ಒಂದು ಗಳಿಗೆ ಬದಿಗಿಟ್ಟು ಹೇಳುವುದಾದರೆ ಇದು ವಿವೇಕದ ಮಾತು. ಪ್ರಯತ್ನಿಸಿ ಸೋತಾಗ ಬೇರೆ ಬೆಲೆಯನ್ನು ಕೊಡುವ ಟ್ರೈ-ಕ್ಯಾಚ್ ಪ್ರಸಂಗದಲ್ಲಿ ಜಾವಾ ಋಜುಮಾರ್ಗಿಗೆ ದಾರಿ ಬಿಡುವುದಿಲ್ಲ: ಟ್ರೈಯಲ್ಲಿ ಕೊಟ್ಟ ಬೆಲೆ ತಲುಪಿದ ಮೇಲೆ ಸೋಲು ಸಂಭವಿಸಿತೋ ತಲುಪುವ ಮುನ್ನವೋ ಎಂಬುದನ್ನು ಬಗೆಹರಿಸಲೊಲ್ಲದೆ, ಕ್ಯಾಚಿನಲ್ಲಿ ಎರಡನೆಯದನ್ನು ಕೊಡಹೋದರೆ ಎರಡನೆಯ ಶಾಪವನ್ನು ಕೊಡುತ್ತದೆ. ಆಗ ಬೆಲೆಯನ್ನು ಒಂದು ತಾತ್ಕಾಲಿಕ ಚರದಲ್ಲಾಗಲಿ ಬೇರೊಂದು ಕಾರ್ಯದಲ್ಲಾಗಲಿ ನಿಶ್ಚಯಿಸಿಕೊಂಡು, ನಿಶ್ಚಿತವಾದುದನ್ನು ಒಂದೇ ಬಾರಿ ಕ್ಷೇತ್ರಕ್ಕೆ ಒಪ್ಪಿಸುವುದೇ ಸರಿ. ಆದರೆ ಕಾರ್ಖಾನೆವಾದಿಯು ಒಂದು ಕಾರ್ಖಾನೆಗೆ ತೃಪ್ತನಾಗನು. ಕಾರ್ಖಾನೆಯನ್ನು ಕಟ್ಟುವ ಕಾರ್ಖಾನೆ, ಅದನ್ನು ಒದಗಿಸುವ ಒದಗಣೆದಾರ, ಒದಗಣೆದಾರನ ಅಮೂರ್ತ ಪಿತಾಮಹ, ಇವರೆಲ್ಲರ ನೋಂದಣಿ; ಕೊನೆಗೆ ಎರಡು ಬೆಲೆಗಳಲ್ಲಿ ಒಂದನ್ನು ಆರಿಸುವುದಕ್ಕೆ ಹನ್ನೊಂದು ಕಡತಗಳು.

ನಾಲ್ಕನೆಯವರು ವಿಲಂಬವಾದಿಗಳು. ಕ್ಷೇತ್ರವನ್ನು ಈಗ ಬರಿದಾಗಿ ಬಿಟ್ಟು, ಬೆಲೆ ತಿಳಿದಾಗ ಒಂದು ಬಾರಿ ತುಂಬಿ, ಆಮೇಲೆ ಬೀಗ ಹಾಕುವ ಇವರ ಸೂತ್ರವನ್ನು ಡಾರ್ಟ್ ಭಾಷೆಯವರು ಲೇಟ್ ಫೈನಲ್ ಎಂದು ಹೆಸರಿಟ್ಟು ಅಂಗೀಕರಿಸಿದ್ದಾರೆ. ಭಾರತ ಸರ್ಕಾರವು ಇದನ್ನು ಅವರಿಗಿಂತ ಬಹಳ ಹಿಂದೆಯೇ ಅಂಗೀಕರಿಸಿತ್ತೆಂಬುದು ನಮ್ಮ ಸಂಶೋಧನೆಯ ಒಂದು ಫಲ. 1969ರ ಜನನ ಮರಣ ನೋಂದಣಿ ಅಧಿನಿಯಮದ ಮೇರೆಗೆ, ಹೆಸರಿಡುವ ಮೊದಲೇ ಶಿಶುವಿನ ಜನನವನ್ನು ದಾಖಲಿಸಬಹುದು. ಹೆಸರಿನ ಅಂಕಣವನ್ನು ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆಯೂ, ಆಮೇಲೆ ಹದಿನೈದು ವರ್ಷಗಳ ತನಕ ವಿಲಂಬಶುಲ್ಕ ತೆತ್ತೂ ತುಂಬಿಸಬಹುದು. ಮಗುವಿಗೆ ಇನ್ನೂ ಹೆಸರಿಟ್ಟಿಲ್ಲವೆಂಬ ಸಂಗತಿಯನ್ನು ಸಂಗತಿಯೆಂದೇ ಗೌರವಿಸಿದ ಆ ಅಜ್ಞಾತ ಕರಡುಲೇಖಕನಿಗೆ ನಮ್ಮ ನಮಸ್ಕಾರ.

ಐದನೆಯವರು... ಇರಲಿ, ಐದರಿಂದ ಎಂಟರವರೆಗಿನವರು ಈ ನಾಲ್ವರ ಮೊಮ್ಮಕ್ಕಳು, ಇವರ ಕುಲಗೋತ್ರಗಳನ್ನು ವಿವರಿಸುವ ಉತ್ಸಾಹವು ನಮಗೆ ಈಗ ಉಳಿದಿಲ್ಲ. ರೀಡ್‌ಓನ್ಲಿ ಎಂದು ಹೆಸರಿಟ್ಟುಕೊಂಡೂ ಕನ್‌ಸ್ಟ್ರಕ್ಟರಿನೊಳಗೆ ಎಷ್ಟು ಬಾರಿ ಬೇಕಾದರೂ ಬೆಲೆಯನ್ನು ಬದಲಿಸಗೊಡುವ ಸಿ ಶಾರ್ಪಿನ ಔದಾರ್ಯವನ್ನೂ, 2015ರ 1.2ನೆಯ ಆವೃತ್ತಿಯವರೆಗೆ ಸ್ಥಳೀಯ ಲೆಟ್ಟಿಗೆ ಘೋಷಿಸಿದಲ್ಲಿಯೇ ಬೆಲೆ ಬೇಕೆಂದು ಹಠ ಹಿಡಿದು ಆಮೇಲೆ ಇಫ್-ಎಲ್ಸಿಗೆ ಮಣಿದ ಸ್ವಿಫ್ಟಿನ ಪಶ್ಚಾತ್ತಾಪವನ್ನೂ ವಾಚಕರು ತಾವೇ ಊಹಿಸಿಕೊಳ್ಳುವರು.

ಇನ್ನು ಈ ಲಕ್ಷಣವನ್ನು ಗಡಿಯ ಸಂಗತಿಗಳಿಗೆ ಅನ್ವಯಿಸಿ ನೋಡುವ ಅಧಿಕರಣಗಳು. ಮೊದಲನೆಯದು ರಾಜ್ಯಾಧಿಕರಣ. ಮಾಕುಟ್ಟವೆಂಬ ವಸ್ತುವಿನಲ್ಲಿ 'ರಾಜ್ಯ' ಎಂಬ ಕ್ಷೇತ್ರವಿದೆ. ಅದು ಚಲವೋ ಅಚಲವೋ ಎಂಬುದು ಸಂಶಯ. 1956ರ ಅಕ್ಟೋಬರ್ 31ರವರೆಗೆ ಅದರ ಬೆಲೆ ಕೊಡಗು, ಮಾರನೆಯ ದಿನದಿಂದ ಮೈಸೂರು, 1973ರ ನವೆಂಬರ್ 1ರಿಂದ ಕರ್ನಾಟಕ ಎಂದು ಮೂರು ಬೆಲೆಗಳು ಕಂಡುಬರುವುದರಿಂದ ಅದು ಚಲವೇ ಸರಿ ಎಂಬುದು ಪೂರ್ವಪಕ್ಷ. ಸಿದ್ಧಾಂತವು ಹೀಗೆ: ಫೈನಲ್ ಕ್ಷೇತ್ರವು ಬಂಧಿಸುವುದು ತಾನು ತೋರುವ ಬೆರಳನ್ನೇ ಹೊರತು ತೋರಲ್ಪಟ್ಟ ವಸ್ತುವಿನ ಒಳಗನ್ನಲ್ಲ, 1973ರಲ್ಲಿ ಬೆರಳು ಅಲುಗಲಿಲ್ಲ, ತೋರಲ್ಪಟ್ಟ ರಾಜ್ಯವು ತನ್ನ ಹೆಸರನ್ನು ತಾನೇ ಬದಲಿಸಿಕೊಂಡಿತು. 1956ರಲ್ಲಾದರೋ ಹಳೆಯ ವಸ್ತುವನ್ನು ವಿಸರ್ಜಿಸಿ, ಭಾಷೆಯೆಂಬ ನಿಬಂಧನೆಯನ್ನಿಟ್ಟು, ಪ್ರತಿಯೊಂದು ಊರನ್ನೂ ಹೊಸದಾಗಿ ನಿರ್ಮಿಸಲಾಯಿತು. ಹೊಳೆಯಾಚೆ ಮದ್ರಾಸಿನ ಮಲಬಾರ್ ಜಿಲ್ಲೆಗೆ ಸೇರಿದ್ದ ನೆಲವು ಕೇರಳವಾದುದೂ ಅದೇ ದಿನ. ಮಾಕುಟ್ಟದ ಮನೆಗಳಲ್ಲಿ ಕೊಡವ, ಮಲಯಾಳ, ಎರವರ ನುಡಿ, ಕನ್ನಡ ಎಲ್ಲವೂ ಒಂದೇ ಅಂಗಳದಲ್ಲಿ ಕೇಳಿಬರುತ್ತಿದ್ದರೂ ನಿಬಂಧನೆಯು ಒಂದೇ ಉತ್ತರವನ್ನು ಬಯಸಿತು. ಅಂದು ಕಾಸರಗೋಡಿಗೆ ದೊರೆತ ಕೇರಳವೆಂಬ ಬೆಲೆಯು ತಪ್ಪೆಂದು, ಚಂದ್ರಗಿರಿ ಹೊಳೆಯ ಬಡಗಣ ಭಾಗವು ಮೈಸೂರಿಗೆ ಸೇರತಕ್ಕದ್ದೆಂದು ಗಡಿವಿವಾದವನ್ನು ವಿಚಾರಿಸಿದ ಮಹಾಜನ ಆಯೋಗವು 1967ರಲ್ಲಿ ವರದಿಯೊಪ್ಪಿಸಿತು. ಅಚಲಕ್ಷೇತ್ರಕ್ಕೆ ಎರಡನೆಯ ಬೆಲೆ ಇಲ್ಲ. ಆ ಆಯೋಗದ ಹೆಸರನ್ನು ಎತ್ತಿದಾಗ ಗಡಿಯ ಹಿರಿಯರ ಮುಖದಲ್ಲಿ ಏನು ಮೂಡುತ್ತದೆಂಬುದನ್ನು ನೋಡಿದವರು 16ನೆಯ ಅಧ್ಯಾಯವನ್ನು ಓದಬೇಕಾಗಿಲ್ಲ.

ಎರಡನೆಯದು ಸೇತುವಧಿಕರಣ. ಕೂಟುಪುಳೆಯ ಹಳೆಯ ಸೇತುವೆಯು ಬ್ರಿಟಿಷರ ಕಾಲದ್ದು, 1928ರದು. ತಲಶ್ಶೇರಿಯಿಂದ ವಳವುಪಾರದವರೆಗಿನ ಹೆದ್ದಾರಿಯನ್ನು ಅಗಲಿಸುವಾಗ ಅದರ ಪಕ್ಕದಲ್ಲಿ ಹೊಸದೊಂದನ್ನು ಕಟ್ಟತೊಡಗಿದರು. ಈಚೆಯ ದಡವು ವನ್ಯಜೀವಿಧಾಮದ್ದೆಂದು 2017ರ ಕೊನೆಯಲ್ಲಿ ಕರ್ನಾಟಕದ ಅರಣ್ಯ ಇಲಾಖೆಯು ಆಕ್ಷೇಪಿಸಲಾಗಿ, ಕೆಲಸವು ನಿಂತುಹೋಯಿತು. ಆಮೇಲೆ ಅನುಮತಿ ದೊರೆತು ಸೇತುವೆಯು ಸಂಚಾರಕ್ಕೆ ತೆರೆದುದು 2022ರ ಜನವರಿಯ ಕೊನೆಯಲ್ಲಿ. ನಿಬಂಧನೆಯ ಉತ್ತರವು ಬರುವ ಮುನ್ನವೇ ಕನ್‌ಸ್ಟ್ರಕ್ಟರಿನೊಳಗೆ ಕಾಲಿಟ್ಟರೆ ಅರ್ಧನಿರ್ಮಿತ ವಸ್ತುವು ಸಂಭವಿಸುತ್ತದೆಂದು ಶಾಸ್ತ್ರವು ಎಚ್ಚರಿಸುತ್ತದಲ್ಲವೆ? ಶಾಸ್ತ್ರದ ಅರ್ಧನಿರ್ಮಿತ ವಸ್ತುವು ಕಸ ಗುಡಿಸುವವನ ಪಾಲಾಗಿ ಅದೃಶ್ಯವಾಗುತ್ತದೆ. ಲೋಕದ್ದು ಹೊಳೆಯ ನಡುವೆ ಕಂಬವಾಗಿ ನಿಂತು ಮಳೆಗಾಲಗಳನ್ನು ಎಣಿಸುತ್ತದೆ. ಇಷ್ಟು ಭೇದ.

ಮೂರನೆಯದು ರೋಗಾಧಿಕರಣ, ಇದನ್ನು ಚುಟುಕಾಗಿ ಮುಗಿಸುತ್ತೇವೆ. ಕೋವಿಡ್ ಹಬ್ಬಿದ 2020ರ ಮಾರ್ಚಿನಲ್ಲಿ ನಿಬಂಧನೆಯೇ ಇರಲಿಲ್ಲ: ಮಾಕುಟ್ಟದ ದಾರಿಗೆ ಅಡ್ಡಲಾಗಿ ಮಣ್ಣು ಸುರಿದರು, ಎರಡು ಕವಲುಗಳಲ್ಲಿಯೂ ಒಂದೇ ಬೆಲೆ. 2021ರ ಆಗಸ್ಟಿನಲ್ಲಿ, ಕೇರಳದಿಂದ ಬರುವವನ ಕೈಯಲ್ಲಿ 72 ಗಂಟೆಗಳೊಳಗಿನ ಆರ್‌ಟಿಪಿಸಿಆರ್ ವರದಿಯಿದ್ದರೆ ಪ್ರವೇಶ, ಲಸಿಕೆ ಹಾಕಿಸಿಕೊಂಡಿದ್ದರೂ ವರದಿಯಿಲ್ಲದಿದ್ದರೆ ವಾಪಸು ಎಂದಾಯಿತು. ಗಂಟೆಗಂಟೆಗೆ ಹಳಸುವ ಬೆಲೆಯನ್ನು ಅಚಲಕ್ಷೇತ್ರದಲ್ಲಿಡುವುದು ಮೂಲಭೂತ ಪ್ರಮಾದವೆಂದು ಯಾವ ಶಿಷ್ಯನೂ ಹೇಳಿಯಾನು. ಗೇಟಿನಾಚೆ ನಿಂತು ಈಚೆಯ ತೋಟದ ಕೂಲಿಯನ್ನು ಕಳೆದುಕೊಂಡವನಿಗೆ ಹೇಳಲು ಮಾತ್ರ ಯಾರಿಗೂ ಏನೂ ಹೊಳೆಯಲಿಲ್ಲ.

ನಾಲ್ಕನೆಯದು ಜನ್ಮದಿನಾಧಿಕರಣ. ಮೇಲಿನ ಮೂರೂ ಇದರ ಪೀಠಿಕೆಯೆಂದು ಭಾವಿಸತಕ್ಕದ್ದು.

ಮನುಷ್ಯನೆಂಬ ವಸ್ತುವಿನಲ್ಲಿ ನಿಸ್ಸಂಶಯವಾಗಿ ಅಚಲವಾದ ಕ್ಷೇತ್ರವೊಂದಿದ್ದರೆ ಅದು ಹುಟ್ಟಿದ ದಿನ. ಘಾಟಿಯ ಮೇಲಣ ತೋಟಗಳ ಲೈನ್ ಮನೆಗಳಲ್ಲಿ, ಕಾಡಂಚಿನ ಹಾಡಿಗಳಲ್ಲಿ ಹುಟ್ಟಿದ ಎಷ್ಟೋ ಮಂದಿಯ ದಾಖಲೆಯನ್ನು ತೆರೆದರೆ ಆ ಕ್ಷೇತ್ರದಲ್ಲಿ ಕಾಣುವುದು ಜೂನ್ 1. ಇದೇನು ಜ್ಯೋತಿಷದ ಚಮತ್ಕಾರವಲ್ಲ. ಶಾಲೆಗಳು ತೆರೆಯುವುದು ಜೂನಿನ ಹೊತ್ತಿಗೆ, ಒಂದನೆಯ ತರಗತಿಗೆ ಸೇರುವ ಮಗುವಿನ ವಯಸ್ಸನ್ನು ಲೆಕ್ಕ ಹಾಕುವುದು ಜೂನ್ 1ಕ್ಕೆ. ಆದುದರಿಂದ ಕಾಗದಪತ್ರವಿಲ್ಲದೆ ಬಂದ ಮಗುವಿಗೆ ಆ ದಿನವನ್ನು ಬರೆದರೆ ನಿಯಮಕ್ಕೂ ತೃಪ್ತಿ, ಮಗುವಿಗೂ ಬೆಂಚು. ಬರೆದ ಮೇಷ್ಟರು ದುಷ್ಟರಲ್ಲ. ಬರೆಯದಿದ್ದರೆ ಆ ಮಗುವು ಅಂಗಳದಿಂದಲೇ ಹಿಂತಿರುಗುತ್ತಿತ್ತು.

'ಯಾವಾಗ ಹುಟ್ಟಿದ್ದಮ್ಮಾ ಇವನು?' ಎಂದು ಮೇಷ್ಟರು ಕೇಳುತ್ತಾರೆ. 'ಕಾಫಿ ಕುಯ್ಯುವಾಗ ಸಾರ್, ಆನೆ ಲೈನಿಗೆ ಬಂದ ವರ್ಷ' ಎನ್ನುತ್ತಾಳೆ ತಾಯಿ. ಆಕೆಗೆ ತಿಳಿದಿದೆ! ಕಾಫಿ ಕುಯ್ಲೆಂದರೆ ಹೆಚ್ಚಾಗಿ ಡಿಸೆಂಬರಿನಿಂದ ಫೆಬ್ರವರಿಯ ಒಳಗೆ, ಜೂನಿನ ಜಡಿಮಳೆಗೆ ಅದು ಎಂದೂ ಸಲ್ಲದು. ಆಕೆಯ ಉತ್ತರದಲ್ಲಿ ಸತ್ಯವಿದೆ, ಋತುವಿದೆ, ವರ್ಷವನ್ನು ಹುಡುಕಲು ಬೇಕಾದ ಸುಳಿವೂ ಇದೆ. ದಿನ, ತಿಂಗಳು, ವರ್ಷವೆಂಬ ಮೂರು ಚೌಕಗಳಲ್ಲಿ ಹಿಡಿಸದಿರುವುದೊಂದೇ ಅದರ ಅಪರಾಧ. ಹಿಡಿಸದ ಸತ್ಯವನ್ನು ಹೊರಗೆಸೆದು, ಹಿಡಿಸುವ ಸುಳ್ಳನ್ನು ಒಳಗಿಟ್ಟು, ಅದರ ಮೇಲೆ ಫೈನಲ್ ಎಂದು ಮುದ್ರೆಯೊತ್ತುವುದೇ ನಾವು ಇಷ್ಟು ಹೊತ್ತು ಕೊಂಡಾಡಿದ ಎಲ್ಸ್. ಕಂಪೈಲರು ನೋಡುವುದು ಪ್ರತಿಯೊಂದು ಕವಲಿನಲ್ಲಿಯೂ ಏನೋ ಒಂದು ಬೆಲೆಯಿದೆಯೇ ಎಂಬುದನ್ನು ಮಾತ್ರ. ಅದು ನಿಜವೇ ಎಂದು ಕೇಳುವುದು ಅದರ ಧರ್ಮವಲ್ಲ. ಯಂತ್ರವನ್ನು ನಾವು ದೂರುವುದಿಲ್ಲ. ಅದು ಕೇಳದುದನ್ನು ತಾವೂ ಕೇಳಬೇಕಾಗಿಲ್ಲವೆಂದು ಮನುಷ್ಯರು ತೀರ್ಮಾನಿಸಿದುದನ್ನು ದೂರುತ್ತೇವೆ.

ಆಮೇಲೆ ಆ ಬೆಲೆಯು ಪ್ರಯಾಣ ಹೊರಡುತ್ತದೆ. ಶಾಲೆಯ ದಾಖಲೆಯಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಅಲ್ಲಿಂದ ನೌಕರಿಯ ಸೇವಾಪುಸ್ತಕಕ್ಕೆ. ಸೇವಾಪುಸ್ತಕದಲ್ಲಿ ಸೇರಿದ ವಯಸ್ಸನ್ನು ತಿದ್ದಿಸಬೇಕಾದರೆ ಮೂರು ವರ್ಷಗಳೊಳಗೆ ಅರ್ಜಿ ಹಾಕಿಕೊಳ್ಳಬೇಕೆಂದು 1974ರ ರಾಜ್ಯ ನೌಕರರ ವಯೋನಿರ್ಧಾರದ ಕಾನೂನು ಹೇಳುತ್ತದೆ. ತಿಂಗಳ ಮೊದಲ ದಿನ ಹುಟ್ಟಿದವನು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತನಾಗಬೇಕೆಂಬ ನಿಯಮದಂತೆ, ಜೂನ್ 1ರವನು ಮೇ 31ರಂದು ಹಾರ ಹಾಕಿಸಿಕೊಂಡು ಮನೆಗೆ ಬರುತ್ತಾನೆ. ಕುಯ್ಲಿನಲ್ಲಿ ಹುಟ್ಟಿದವನಿಗೆ ಇನ್ನೂ ತಿಂಗಳುಗಳ ದುಡಿಮೆ ಬಾಕಿಯಿದ್ದೀತೋ, ಹೆಚ್ಚಾಗಿ ದುಡಿದಿದ್ದಾನೋ, ಯಾರು ಬಲ್ಲರು? ಆಧಾರ್ ಪ್ರಾಧಿಕಾರವು ಹೆಸರನ್ನು ಎರಡು ಬಾರಿಯೂ ಹುಟ್ಟಿದ ದಿನವನ್ನು ಒಂದೇ ಬಾರಿಯೂ ತಿದ್ದಿಸಿಕೊಳ್ಳಲು ಬಿಡುತ್ತದೆ. ಆ ವ್ಯವಸ್ಥೆಯಲ್ಲಿ ಜನ್ಮದಿನದ ಪಕ್ಕದಲ್ಲಿ ಅದು ಪರಿಶೀಲಿತವೋ, ಘೋಷಿತವೋ, ಅಂದಾಜೋ ಎಂಬ ಗುರುತನ್ನಿಡುವ ಏರ್ಪಾಡು ಇರುವುದನ್ನು ನ್ಯಾಯವಾಗಿ ಮೆಚ್ಚಬೇಕು. ಆದರೆ ಒಂದು ಕಚೇರಿಯಿಂದ ಇನ್ನೊಂದಕ್ಕೆ ನಕಲಾಗುವಾಗ ದಿನಾಂಕವು ನಡೆದು ಹೋಗುತ್ತದೆ, 'ಅಂದಾಜು' ಎಂಬ ಗುರುತು ದಾರಿಯಲ್ಲಿ ಎಲ್ಲೋ ಕುಳಿತುಬಿಡುತ್ತದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗಾದರೋ ಜನ್ಮದಿನಕ್ಕೂ ಜನ್ಮಸ್ಥಳಕ್ಕೂ ಜನನ ಪ್ರಮಾಣಪತ್ರವೊಂದೇ ಸಾಕ್ಷಿಯೆಂದಾಗಿದೆ. ಆಸ್ಪತ್ರೆ ದೂರವಿರುವ ಹಾಡಿಯಲ್ಲಿ ಆ ಪತ್ರವನ್ನು ಸಕಾಲದಲ್ಲಿ ಮಾಡಿಸಿಕೊಡುವವರು ಯಾರೆಂಬುದನ್ನು ಯಾವ ಪಂಥವೂ ತನ್ನ ಸೂತ್ರಗಳಲ್ಲಿ ಸೇರಿಸಿಲ್ಲ.

ತಡೆಹಿಡಿದಿದ್ದ ಸಂಬಂಧವನ್ನು ಈಗ ಹೇಳಬಹುದು. ಈ ಲೇಖಕನು ಒಮ್ಮೆ ಇಂಥದೇ ಒಂದು ದಾಖಲಾತಿಯ ತಂತ್ರಾಂಶಕ್ಕೆ ದುಡಿದನು. ಹುಟ್ಟಿದ ದಿನದ ಕ್ಷೇತ್ರವು ಅಚಲ. ದಿನಾಂಕ ತಿಳಿದಿದ್ದರೆ ಅದು, ಇಲ್ಲವಾದರೆ ಜೂನ್ 1. ಅದರ ಜೊತೆಗೆ ಋತುವನ್ನು ಬರೆಯಲು ಒಂದು ಅಂಕಣವನ್ನೂ, ಅಂದಾಜೆಂಬ ಗುರುತನ್ನೂ ಸೇರಿಸೋಣವೆಂದು ಇವನು ವಿನಯಪೂರ್ವಕವಾಗಿ ಸೂಚಿಸಿದುದಕ್ಕೆ, ಅದು ಎಡ್ಜ್ ಕೇಸ್ ಎಂದೂ, ಮುಂದಿನ ಬಿಡುಗಡೆಯಲ್ಲಿ ನೋಡೋಣವೆಂದೂ ಉತ್ತರ ಬಂದಿತು. ಉಳಿದ ಹೊತ್ತೆಲ್ಲ ಚರ್ಚೆಯಾದುದು ಆ ಜೂನ್ 1ನ್ನು ಇಫ್-ಎಲ್ಸಿನಿಂದ ಕೊಡುವುದೋ, ಪ್ರಶ್ನಚಿಹ್ನೆಯಿಂದಲೋ, ಕಾರ್ಖಾನೆಯಿಂದಲೋ ಎಂಬುದು. ಎರಡನೆಯ ಪಂಥದವರು ಸಂಕ್ಷೇಪಗುಣವನ್ನು ಹೊಗಳಿದರು. ಮೂರನೆಯವರು ಪರೀಕ್ಷಾಯೋಗ್ಯತೆಯನ್ನು ಎತ್ತಿಹಿಡಿದರು. ಒಬ್ಬರು ಪರದೇಶದ ಸಮ್ಮೇಳನವೊಂದರಲ್ಲಿ ತಾವು ಕೇಳಿದ ಭಾಷಣವನ್ನು ಸ್ಮರಿಸಿದರು. ಕಟ್ಟಕಡೆಗೆ ಕಾರ್ಖಾನೆಯು ಗೆದ್ದಿತು. ಜೂನ್ 1 ಎಂಬುದನ್ನು ಕೋಡಿನ ನಡುವೆ ಬಿಡಿಯಾಗಿ ಬರೆಯುವುದು ಅಶಿಸ್ತೆಂದೂ, ಅದಕ್ಕೊಂದು ಹೆಸರನ್ನಿಟ್ಟು ಕಡತದ ತಲೆಯಲ್ಲಿ ಸ್ಥಿರಾಂಕವಾಗಿ ಘೋಷಿಸತಕ್ಕದ್ದೆಂದೂ ಒಂದು ತಿದ್ದುಪಡಿ ಬಂದಿತು. ಸಭೆಯು ಅದನ್ನು ಸರ್ವಾನುಮತದಿಂದ ಅಂಗೀಕರಿಸಿ, ಊಟಕ್ಕೆ ಎದ್ದಿತು.